ಸಿನಿಮಾದಿಂದ ಹೊರಬಂದ ಹನ್ನೆರಡು ಹಾಡು: ಆಂಡಿ ವಿಲಿಯಮ್ಸ್ ಎಲ್‌ಪಿ ಕೇಳುವುದು ಹೇಗೆ?

ಪ್ರಶ್ನೆ: ತಾತನ ಹಳೆಯ ರೆಕಾರ್ಡುಗಳ ನಡುವೆ ಅಮೆರಿಕದ ಗಾಯಕ ಆಂಡಿ ವಿಲಿಯಮ್ಸ್ ಅವರ 'ಮೂನ್ ರಿವರ್ ಅಂಡ್ ಅದರ್ ಗ್ರೇಟ್ ಮೂವಿ ಥೀಮ್ಸ್' ಎಂಬ ಎಲ್‌ಪಿ ಸಿಕ್ಕಿತು. ಹನ್ನೆರಡು ಸಿನಿಮಾ ಹಾಡುಗಳಿವೆ. ಆದರೆ ಇವುಗಳಲ್ಲಿ ಯಾವ ಸಿನಿಮಾದಲ್ಲೂ ಅವರು ನಟಿಸಿಲ್ಲ, ಹಾಡಿಯೂ ಇಲ್ಲ. ಹಾಗಾದರೆ ಇದು ನಮ್ಮ ಕಡೆಯ ವರ್ಷನ್ ಕ್ಯಾಸೆಟ್ ಥರದ್ದೇ? ಮೂಲ ಹಾಡು ಇರುವಾಗ ಇದನ್ನು ಯಾಕೆ ಕೇಳಬೇಕು? ಕೇಳುವುದಾದರೆ ಹೇಗೆ ಕೇಳಬೇಕು? ಮಾರಿದರೆ ಬೆಲೆ ಬರುತ್ತದೆಯೇ?

ಉತ್ತರ: ಮಾರುವ ಯೋಚನೆ ಸದ್ಯಕ್ಕೆ ಬೇಡ. ಬೆಲೆಯ ವಿಷಯ ಆಮೇಲೆ ಹೇಳುತ್ತೇನೆ. ಮೊದಲು ನಿಮ್ಮ ಮುಖ್ಯ ಅನುಮಾನ ನೋಡೋಣ.

ಇದು ವರ್ಷನ್ ರೆಕಾರ್ಡ್ ಅಲ್ಲ. ನಮ್ಮಲ್ಲಿ 1980ರ ದಶಕದಲ್ಲಿ ಕ್ಯಾಸೆಟ್ ಅಗ್ಗವಾದಾಗ ವರ್ಷನ್ ಹಾಡುಗಳು ರಾಶಿ ರಾಶಿ ಬಂದವು. ಅವುಗಳ ಗುರಿ ಒಂದೇ. ಕೇಳುವವರಿಗೆ ಮೂಲ ಹಾಡನ್ನೇ ಕೇಳಿದ ಹಾಗಿರಬೇಕು, ದುಡ್ಡು ಮಾತ್ರ ಕಡಿಮೆ ಆಗಬೇಕು. ಅದೇ ಮಟ್ಟು, ಅದೇ ವಾದ್ಯಗಳು, ಆದಷ್ಟೂ ಅದೇ ದನಿ. ನಿಮ್ಮ ಕೈಯಲ್ಲಿರುವ ಎಲ್‌ಪಿ ಇದಕ್ಕೆ ಪೂರ್ತಿ ಉಲ್ಟಾ. ಹಾಡು ಜನಕ್ಕೆ ಮೊದಲೇ ಗೊತ್ತು. ಅದನ್ನು ಈ ಗಾಯಕ ತನ್ನದಾಗಿ ಹೇಗೆ ಹಾಡುತ್ತಾನೆ ಎಂದು ಕೇಳಲಿಕ್ಕೇ ಅವರು ರೆಕಾರ್ಡು ಕೊಳ್ಳುತ್ತಿದ್ದರು. ಮೂಲದ ಹಾಗೆಯೇ ಇದ್ದಿದ್ದರೆ ಯಾರೂ ಕೊಳ್ಳುತ್ತಿರಲಿಲ್ಲ.

ನಮ್ಮ ಕಿವಿಗೆ ಇದು ವಿಚಿತ್ರ ಅನ್ನಿಸುವುದಕ್ಕೆ ಕಾರಣವಿದೆ. ನಮ್ಮಲ್ಲಿ ಸಿನಿಮಾ ಹಾಡು ಎಂದರೆ ಮೂರು ಸಂಗತಿ ಒಟ್ಟಿಗೆ ನೆನಪಾಗುತ್ತವೆ: ಹಾಡಿದವರ ದನಿ, ಪರದೆಯ ಮೇಲಿನ ಮುಖ, ಆ ಸನ್ನಿವೇಶ. ಪಿ.ಬಿ. ಶ್ರೀನಿವಾಸ್ ದನಿ ಕೇಳಿದ ಕೂಡಲೇ ರಾಜ್‌ಕುಮಾರ್ ಮುಖ ಕಣ್ಣ ಮುಂದೆ ಬರುತ್ತದೆ. ಆ ಹಾಡನ್ನು ಬೇರೆಯವರು ಹಾಡಿದರೆ 'ಚೆನ್ನಾಗಿದೆ, ಆದರೆ ಅವರಲ್ಲ' ಎನ್ನುತ್ತೇವೆ. ಅಮೆರಿಕದಲ್ಲಿ ಆಗ ಹಾಗಿರಲಿಲ್ಲ. ಅಲ್ಲಿ ಹಾಡು ಮೊದಲು ಅದನ್ನು ಬರೆದವರದು, ಅದನ್ನು ಪ್ರಕಟಿಸಿದ ಕಂಪನಿಯದು. ಗಾಯಕ ಆಮೇಲೆ.

ಇದರ ಹಿಂದೆ ಕಾನೂನೂ ಇದೆ. ಅಮೆರಿಕದ 1909ರ ಕಾಪಿರೈಟ್ ಕಾಯ್ದೆಯ ಪ್ರಕಾರ, ಒಂದು ಹಾಡು ಒಡೆಯರ ಒಪ್ಪಿಗೆಯಿಂದ ಒಮ್ಮೆ ರೆಕಾರ್ಡ್ ಆದ ಮೇಲೆ ಯಾರು ಬೇಕಾದರೂ ಅದನ್ನು ಮತ್ತೆ ರೆಕಾರ್ಡ್ ಮಾಡಬಹುದಿತ್ತು. ಪ್ರತಿ ಹಾಡಿಗೆ, ಪ್ರತಿ ಪ್ರತಿಗೆ 2 ಸೆಂಟ್ ಕೊಟ್ಟರೆ ಸಾಕು. ಈ ದರ 1978ರವರೆಗೂ ಹಾಗೇ ಇತ್ತು. ಹಾಗಾಗಿ ಒಂದು ಒಳ್ಳೆಯ ಹಾಡು ಬಂತೆಂದರೆ ಅದೇ ವರ್ಷ ಹತ್ತಾರು ಗಾಯಕರು ಹಾಡುತ್ತಿದ್ದರು. ಎಷ್ಟು ಜನ ಹಾಡಿದರೆ ಬರೆದವರಿಗೆ ಅಷ್ಟು ಲಾಭ. ಯಾರಿಗೂ ಬೇಜಾರಿಲ್ಲ.

ಕನ್ನಡದಲ್ಲಿ ಇದಕ್ಕೆ ಹತ್ತಿರದ್ದು ಸಿನಿಮಾ ಸಂಗೀತವಲ್ಲ, ಭಾವಗೀತೆ. ಬೇಂದ್ರೆಯವರದೋ ಕೆ.ಎಸ್. ನರಸಿಂಹಸ್ವಾಮಿಯವರದೋ ಒಂದು ಕವಿತೆಯನ್ನು ಮೈಸೂರು ಅನಂತಸ್ವಾಮಿ ಒಂದು ರೀತಿ ಹಾಡುತ್ತಾರೆ, ಸಿ. ಅಶ್ವತ್ಥ್ ಇನ್ನೊಂದು ರೀತಿ. 'ಇವರಲ್ಲಿ ಅಸಲಿ ಯಾರು?' ಎಂದು ನಾವು ಕೇಳುವುದಿಲ್ಲ. ಕವಿತೆ ಕವಿಯದು, ಹಾಡುವ ಬಗೆ ಗಾಯಕರದು. ಅನಂತಸ್ವಾಮಿಯವರಲ್ಲಿ ಕೇಳಿಸದ ಒಂದು ಅರ್ಥ ಅಶ್ವತ್ಥ್ ದನಿಯಲ್ಲಿ ಕೇಳಿಸುತ್ತದೆ. ಆ ಕಿವಿಯಿಂದಲೇ ನಿಮ್ಮ ಎಲ್‌ಪಿ ಕೇಳಿ. ಆಗ ದಾರಿ ಸಿಗುತ್ತದೆ.

ಈಗ 'ಮೂಲ ಇರುವಾಗ ಇದ್ಯಾಕೆ' ಎಂಬ ಮಾತಿಗೆ ಬರುತ್ತೇನೆ. ಈ ಹನ್ನೆರಡರಲ್ಲಿ ಸುಮಾರು ಹಾಡುಗಳ 'ಮೂಲ' ಯಾವುದು ಎಂದು ಹುಡುಕಹೋದರೆ ಕೈಗೆ ಗಟ್ಟಿಯಾಗಿ ಏನೂ ಸಿಗುವುದಿಲ್ಲ. ಎಲ್‌ಪಿಗೆ ಹೆಸರು ಕೊಟ್ಟ 'ಮೂನ್ ರಿವರ್' ಹಾಡನ್ನೇ ತೆಗೆದುಕೊಳ್ಳಿ.

ಅದು 1961ರ 'ಬ್ರೇಕ್‌ಫಾಸ್ಟ್ ಅಟ್ ಟಿಫನೀಸ್' ಚಿತ್ರದ್ದು. ಸಂಗೀತ ಹೆನ್ರಿ ಮ್ಯಾನ್ಸಿನಿ, ಸಾಹಿತ್ಯ ಜಾನಿ ಮರ್ಸರ್. ಪರದೆಯ ಮೇಲೆ ಆಡ್ರೆ ಹೆಪ್‌ಬರ್ನ್ ಕಿಟಕಿಯ ಹೊರಗಿನ ಮೆಟ್ಟಿಲಲ್ಲಿ ಕೂತು, ಗಿಟಾರ್ ಹಿಡಿದು, ತಾವೇ ಹಾಡುತ್ತಾರೆ. ಅವರು ತರಬೇತಿ ಪಡೆದ ಗಾಯಕಿ ಅಲ್ಲ. ಹೆಪ್‌ಬರ್ನ್ ಹಿಂದಿನ ಒಂದು ಚಿತ್ರದಲ್ಲಿ ಹಾಡಿದ್ದನ್ನು ಮ್ಯಾನ್ಸಿನಿ ಕೇಳಿ, ಆ ದನಿ ಎಲ್ಲಿಂದ ಎಲ್ಲಿಗೆ ಓಡಾಡುತ್ತದೆ ಎಂದು ಅಳೆದುಕೊಂಡರು. ಒಂದು ಸ್ಥಾಯಿ, ಮೇಲೆ ಒಂದು ಸ್ವರ. ಅಷ್ಟರಲ್ಲೇ ಮಟ್ಟು ಕಟ್ಟಿದರು. ಯೋಚನೆಗೆ ಸುಮಾರು ಒಂದು ತಿಂಗಳು ಹಿಡಿಯಿತು, ಬರೆದು ಮುಗಿಸಲು ಅರ್ಧ ಗಂಟೆ ಸಾಕಾಯಿತು ಎಂದು ಅವರೇ ಹೇಳಿದ್ದಾರೆ. ಮರ್ಸರ್ ಹುಟ್ಟಿ ಬೆಳೆದದ್ದು ಜಾರ್ಜಿಯಾ ರಾಜ್ಯದ ಸವಾನಾದಲ್ಲಿ. ನೀರು, ತೊರೆ, ದೋಣಿ, ಕಾಡುಹಣ್ಣು ಎಲ್ಲ ಅವರ ಬಾಲ್ಯದ ನೆನಪು. ಆಮೇಲೆ ಅಲ್ಲಿನ ಒಂದು ತೊರೆಗೆ ಈ ಹಾಡಿನ ಹೆಸರನ್ನೇ ಇಟ್ಟರು.

ಚಿತ್ರದ ಮೊದಲ ಪ್ರದರ್ಶನಗಳ ನಂತರ ಪ್ಯಾರಮೌಂಟ್ ಸ್ಟುಡಿಯೋದ ಹಿರಿಯರೊಬ್ಬರು ಈ ಹಾಡನ್ನು ಕಿತ್ತುಹಾಕಬೇಕು ಎಂದರಂತೆ. ಹೆಪ್‌ಬರ್ನ್ ಎದ್ದು ನಿಂತು ವಿರೋಧಿಸಿದರು ಎಂಬ ಕಥೆ ಬಹಳ ಪ್ರಸಿದ್ಧ. ಹಾಡು ಉಳಿಯಿತು. ಆದರೆ ಚಿತ್ರದ ಸಂಗೀತದ ಎಲ್‌ಪಿ ಅಂಗಡಿಗೆ ಬಂದಾಗ ಅದರಲ್ಲಿ ಹೆಪ್‌ಬರ್ನ್ ದನಿ ಇರಲಿಲ್ಲ. ಮ್ಯಾನ್ಸಿನಿ ಆರ್ಕೆಸ್ಟ್ರಾ ಮತ್ತು ವೃಂದಗಾನ ಇತ್ತು. ಹೆಪ್‌ಬರ್ನ್ ಹಾಡಿದ್ದು ರೆಕಾರ್ಡಾಗಿ ಜನರ ಕೈಗೆ ಸಿಕ್ಕಿದ್ದು 1993ರಲ್ಲಿ, ಅವರು ತೀರಿಕೊಂಡ ಮೇಲೆ. ಅಂದರೆ ಮೂವತ್ತು ವರ್ಷ ಈ ಹಾಡಿನ 'ಮೂಲ'ವನ್ನು ಯಾರೂ ಅಂಗಡಿಯಲ್ಲಿ ಕೊಳ್ಳುವ ಹಾಗಿರಲಿಲ್ಲ! ಮನೆಯಲ್ಲಿ ಕೇಳಬೇಕೆಂದರೆ ಬೇರೆಯವರ ದನಿಯೇ ಗತಿ.

ಆ ಬೇರೆಯವರ ಸಾಲು ದೊಡ್ಡದು. 1961ರಲ್ಲೇ ಮ್ಯಾನ್ಸಿನಿ ಆರ್ಕೆಸ್ಟ್ರಾದ ರೆಕಾರ್ಡು ಮತ್ತು ಜೆರ್ರಿ ಬಟ್ಲರ್ ಎಂಬ ಸೋಲ್ ಗಾಯಕನ ರೆಕಾರ್ಡು, ಎರಡೂ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 11ನೇ ಸ್ಥಾನ ಮುಟ್ಟಿದವು. ಇಂಗ್ಲೆಂಡಿನಲ್ಲಿ ಡ್ಯಾನಿ ವಿಲಿಯಮ್ಸ್ ಹಾಡಿದ್ದು ಮೊದಲ ಸ್ಥಾನಕ್ಕೆ ಹೋಯಿತು. ಇವರು ದಕ್ಷಿಣ ಆಫ್ರಿಕಾದವರು. ಆಂಡಿಗೂ ಇವರಿಗೂ ಸಂಬಂಧವಿಲ್ಲ, ಅಡ್ಡಹೆಸರು ಮಾತ್ರ ಒಂದೇ.

ಆಂಡಿ ವಿಲಿಯಮ್ಸ್ ಮೊದಲೇ ಹಾಡಬಹುದಿತ್ತು. ಆಗ ಅವರು ಕೇಡೆನ್ಸ್ ಎಂಬ ಸಣ್ಣ ಕಂಪನಿಯಲ್ಲಿದ್ದರು. ಅದರ ಯಜಮಾನ ಆರ್ಚಿ ಬ್ಲೇಯರ್ ಬೇಡವೆಂದರು. ಸಾಹಿತ್ಯದಲ್ಲಿ ಮರ್ಸರ್ ಬಳಸಿದ ಹಳ್ಳಿಗಾಡಿನ ಒಂದು ಮಾತು ಹುಡುಗ ಹುಡುಗಿಯರಿಗೆ ಅರ್ಥವಾಗುವುದಿಲ್ಲ ಎಂಬುದು ಅವರ ಲೆಕ್ಕ. ಮುಂದೆ ವಿಲಿಯಮ್ಸ್ ಕೊಲಂಬಿಯಾ ಕಂಪನಿಗೆ ಬಂದರು. 1962ರ ಏಪ್ರಿಲ್ 9ರಂದು ಆಸ್ಕರ್ ಸಮಾರಂಭದ ವೇದಿಕೆಯಲ್ಲಿ ಈ ಹಾಡು ಹಾಡಲು ಅವರಿಗೇ ಕರೆ ಬಂತು. ಕೊಲಂಬಿಯಾದವರು ಚುರುಕಾದರು. ಈ ಹಾಡನ್ನು ಮುಂದಿಟ್ಟು, ಇನ್ನೂ ಹನ್ನೊಂದು ಸಿನಿಮಾ ಹಾಡು ಸೇರಿಸಿ ಎಲ್‌ಪಿ ಸಿದ್ಧ ಮಾಡಿದರು. ಸಮಾರಂಭದ ಹೊತ್ತಿಗೆ ಅದು ಅಂಗಡಿಯಲ್ಲಿತ್ತು. ಆ ರಾತ್ರಿ ಅತ್ಯುತ್ತಮ ಹಾಡಿನ ಆಸ್ಕರ್ 'ಮೂನ್ ರಿವರ್'ಗೇ ಬಂತು. ಎಲ್‌ಪಿ ಪಟ್ಟಿಯಲ್ಲಿ ಮೂರನೇ ಸ್ಥಾನದವರೆಗೂ ಏರಿತು. ಅದಕ್ಕಿಂತ ದೊಡ್ಡ ಸಂಗತಿ ಎಂದರೆ 176 ವಾರ ಪಟ್ಟಿಯಲ್ಲೇ ಉಳಿಯಿತು. ಮೂರು ವರ್ಷಕ್ಕೂ ಜಾಸ್ತಿ! 1963ರಲ್ಲಿ ಗೋಲ್ಡ್ ರೆಕಾರ್ಡ್ ಮಾನ್ಯತೆಯೂ ಸಿಕ್ಕಿತು.

ಇಲ್ಲಿ ಒಂದು ಸ್ವಾರಸ್ಯವಿದೆ. ವಿಲಿಯಮ್ಸ್ ಅವರ ಹೆಸರಿಗೇ ಅಂಟಿಕೊಂಡ ಈ ಹಾಡು ಆಗ ಅವರ ಸಿಂಗಲ್ ಆಗಿ, ಅಂದರೆ ಬಿಡಿ ಹಾಡಿನ ಸಣ್ಣ ರೆಕಾರ್ಡಾಗಿ, ಬರಲೇ ಇಲ್ಲ. ಬಟ್ಲರ್, ಮ್ಯಾನ್ಸಿನಿ ರೆಕಾರ್ಡುಗಳ ಓಟ ಆಗಲೇ ಮುಗಿದಿತ್ತು. ಆ ಕಾಲದಲ್ಲಿ ಸಿಂಗಲ್ ಕೊಳ್ಳುವವರು ಹೆಚ್ಚಾಗಿ ಹುಡುಗರು, ಎಲ್‌ಪಿ ಕೊಳ್ಳುವವರು ಸಂಸಾರಸ್ಥರು. 33⅓ ವೇಗದ ಎಲ್‌ಪಿಯನ್ನು 1948ರಲ್ಲಿ ಮಾರುಕಟ್ಟೆಗೆ ತಂದದ್ದೇ ಕೊಲಂಬಿಯಾ. ಒಂದು ಮಗ್ಗುಲಿಗೆ ಆರು ಹಾಡು, ಎದ್ದು ಹೋಗಿ ಬದಲಿಸುವ ರಗಳೆ ಇಲ್ಲ. ರಾತ್ರಿ ಊಟವಾದ ಮೇಲೆ ಹಾಕಿಟ್ಟು ಕೂರಬಹುದು. ವಿಲಿಯಮ್ಸ್ ಅವರನ್ನು ಬೆಳೆಸಿದ್ದು ಈ ಕೇಳುಗರು. ಜೊತೆಗೆ ಟಿವಿ. 1962ರ ಸೆಪ್ಟೆಂಬರಿನಲ್ಲಿ ಎನ್‌ಬಿಸಿ ಚಾನೆಲ್ಲಿನಲ್ಲಿ ಅವರದೇ ವಾರದ ಕಾರ್ಯಕ್ರಮ ಶುರುವಾಯಿತು. 'ಮೂನ್ ರಿವರ್'ನ ಮೊದಲ ಸಾಲುಗಳೇ ಅದರ ಗುರುತಿನ ಹಾಡು. 1971ರವರೆಗೂ ಆ ದನಿ ಅಮೆರಿಕದ ಮನೆಮನೆಯಲ್ಲಿ ಕೇಳಿಸುತ್ತಿತ್ತು. ಹೀಗೆ ಸಿನಿಮಾದ ಹಾಡು ನಿಧಾನಕ್ಕೆ ಗಾಯಕನ ಹಾಡಾಯಿತು. ಮುಂದೆ ಮಿಸೌರಿಯ ಬ್ರಾನ್ಸನ್ ಊರಿನಲ್ಲಿ 1992ರಲ್ಲಿ ಅವರು ರಂಗಮಂದಿರ ಕಟ್ಟಿದಾಗ ಅದಕ್ಕೂ ಇದೇ ಹೆಸರಿಟ್ಟರು.

ಉಳಿದ ಹಾಡುಗಳ ಹಿನ್ನೆಲೆಯೂ ನಿಮಗೆ ಗೊತ್ತಿದ್ದರೆ ಕೇಳುವ ಸುಖ ಜಾಸ್ತಿ. ಎಲ್ಲವನ್ನೂ ವಿವರಿಸುವುದಿಲ್ಲ, ನನಗೆ ಮುಖ್ಯ ಅನ್ನಿಸಿದವನ್ನು ಹೇಳುತ್ತೇನೆ.

ಹೆಸರಿನಲ್ಲೇ 'ಥೀಮ್ಸ್' ಎಂದಿದೆ, ಗಮನಿಸಿ. ಇವುಗಳಲ್ಲಿ ಕೆಲವು ಹಾಡಾಗಿ ಹುಟ್ಟಿದವೇ ಅಲ್ಲ, ಹಿನ್ನೆಲೆ ಸಂಗೀತದ ತುಣುಕುಗಳು. 'ಎಕ್ಸೋಡಸ್' 1960ರ ಚಿತ್ರ. ಅರ್ನೆಸ್ಟ್ ಗೋಲ್ಡ್ ಅದಕ್ಕೆ ಬರೆದ ವಾದ್ಯಸಂಗೀತಕ್ಕೆ ಆಸ್ಕರ್ ಬಂತು. ಫೆರಾಂಟೆ ಮತ್ತು ಟೈಕರ್ ಎಂಬ ಜೋಡಿ ಪಿಯಾನೋದವರು ನುಡಿಸಿದ ರೆಕಾರ್ಡು ದೊಡ್ಡ ಹಿಟ್ ಆಯಿತು. ಆಮೇಲೆ ಗಾಯಕ ಪ್ಯಾಟ್ ಬೂನ್ ಅದಕ್ಕೆ ಮಾತು ಬರೆದರು. 'ಎ ಸಮರ್ ಪ್ಲೇಸ್' ಕೂಡ ಹೀಗೇ. 1959ರ ಚಿತ್ರದಲ್ಲಿ ಮ್ಯಾಕ್ಸ್ ಸ್ಟೈನರ್ ಇಬ್ಬರು ಎಳೆಯ ಪ್ರೇಮಿಗಳ ದೃಶ್ಯಗಳಿಗೆ ಬರೆದ ಸಂಗೀತ ಅದು. ಪರ್ಸಿ ಫೇಯ್ತ್ ಅದನ್ನು ಆರ್ಕೆಸ್ಟ್ರಾದಲ್ಲಿ ನುಡಿಸಿ 1960ರಲ್ಲಿ ಒಂಬತ್ತು ವಾರ ಮೊದಲ ಸ್ಥಾನದಲ್ಲಿ ನಿಂತರು. ಇಂಥ ಹಾಡಿಗೆ 'ಮೂಲ ಗಾಯಕ' ಎಂಬವರು ಇರಲು ಸಾಧ್ಯವೇ ಇಲ್ಲ, ಅಲ್ವಾ?

ಇದೇ ಸ್ಟೈನರ್ ಎಲ್‌ಪಿಯ ಇನ್ನೊಂದು ಹಾಡಿನ ಕಥೆಯಲ್ಲೂ ಬರುತ್ತಾರೆ. 'ಆಸ್ ಟೈಮ್ ಗೋಸ್ ಬೈ' ಎಂದರೆ ಎಲ್ಲರಿಗೂ 1942ರ 'ಕಾಸಾಬ್ಲಾಂಕಾ' ನೆನಪಾಗುತ್ತದೆ. ಆದರೆ ಅದು ಹರ್ಮನ್ ಹಪ್‌ಫೆಲ್ಡ್ 1931ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯ ಒಂದು ನಾಟಕಕ್ಕೆ ಬರೆದ ಹಾಡು. ಚಿತ್ರದ ಸಂಗೀತ ಮಾಡಿದ ಸ್ಟೈನರ್‌ಗೆ ಈ ಹಳೆಯ ಹಾಡು ಇಷ್ಟವಿರಲಿಲ್ಲ. ತಮ್ಮದೇ ಹೊಸ ಹಾಡು ಹಾಕಬೇಕೆಂದಿದ್ದರು. ಹಾಕಬೇಕೆಂದರೆ ಕೆಲವು ದೃಶ್ಯ ಮತ್ತೆ ಚಿತ್ರೀಕರಿಸಬೇಕು. ಅಷ್ಟರಲ್ಲಿ ಇಂಗ್ರಿಡ್ ಬರ್ಗ್‌ಮನ್ ಮುಂದಿನ ಚಿತ್ರಕ್ಕಾಗಿ ಕೂದಲು ಗಿಡ್ಡ ಮಾಡಿಸಿದ್ದರು. ಹಳೆಯ ಹಾಡೇ ಉಳಿಯಿತು. ಸಿನಿಮಾಕ್ಕಿಂತ ಹನ್ನೊಂದು ವರ್ಷ ಹಿರಿಯದಾದ ಹಾಡನ್ನು ನಾವು 'ಸಿನಿಮಾ ಹಾಡು' ಎನ್ನುತ್ತೇವೆ. ಅದನ್ನು ಮತ್ತೆ ಸಿನಿಮಾದಿಂದ ಬಿಡಿಸಿಕೊಂಡು ಹಾಡಿದರೆ ಗಾಯಕ ತಪ್ಪು ಮಾಡಿದ ಹಾಗೇನೂ ಅಲ್ಲ.

'ಥ್ರೀ ಕಾಯಿನ್ಸ್ ಇನ್ ದ ಫೌಂಟನ್' 1954ರದ್ದು, ಜೂಲ್ ಸ್ಟೈನ್ ಮತ್ತು ಸ್ಯಾಮಿ ಕಾನ್ ಬರೆದದ್ದು. ಬರೆಯುವಾಗ ಅವರು ಚಿತ್ರ ನೋಡಿರಲಿಲ್ಲ. ರೋಮ್‌ನಲ್ಲಿ ಮೂವರು ಹುಡುಗಿಯರು ಕಾರಂಜಿಗೆ ನಾಣ್ಯ ಎಸೆಯುತ್ತಾರೆ ಎಂಬುದಷ್ಟೇ ಅವರಿಗೆ ಸಿಕ್ಕ ಸುಳಿವು. ಪರದೆಯ ಮೇಲೆ ಗಾಯಕ ಫ್ರಾಂಕ್ ಸಿನಾಟ್ರಾ ದನಿ, ಅಂಗಡಿಯಲ್ಲಿ ಓಡಿದ್ದು ಫೋರ್ ಏಸಸ್ ತಂಡದ ರೆಕಾರ್ಡು. ಮರುವರ್ಷ 'ಲವ್ ಈಸ್ ಎ ಮೆನಿ ಸ್ಪ್ಲೆಂಡರ್ಡ್ ಥಿಂಗ್' ಹಾಡಿನಲ್ಲೂ ಅದೇ ಫೋರ್ ಏಸಸ್ ಗೆದ್ದರು. ಎರಡಕ್ಕೂ ಆಸ್ಕರ್ ಬಂತು. ಒಂದು ಒಳ್ಳೆಯ ಹಾಡು ಊರೂರಿನ ರೇಡಿಯೋದಲ್ಲಿ ಪುಕ್ಕಟೆ ಜಾಹೀರಾತು ಆಗುತ್ತದೆ ಎಂದು ಸ್ಟುಡಿಯೋದವರಿಗೆ ಆ ಹೊತ್ತಿಗೆ ಪೂರ್ತಿ ಮನದಟ್ಟಾಗಿತ್ತು. 1957-58ರ ಸುಮಾರಿಗೆ ವಾರ್ನರ್, ಯುನೈಟೆಡ್ ಆರ್ಟಿಸ್ಟ್ಸ್, ಫಾಕ್ಸ್ ಎಲ್ಲ ತಮ್ಮದೇ ರೆಕಾರ್ಡ್ ಕಂಪನಿ ತೆರೆದದ್ದು ಸುಮ್ನೆ ಅಲ್ಲ.

'ಇಟ್ ಮೈಟ್ ಆಸ್ ವೆಲ್ ಬಿ ಸ್ಪ್ರಿಂಗ್' ನನಗೆ ಇಡೀ ಎಲ್‌ಪಿಯಲ್ಲಿ ಸಾಹಿತ್ಯದಿಂದ ಅತಿ ಇಷ್ಟವಾದ ಹಾಡು. ರಾಜರ್ಸ್ ಮತ್ತು ಹ್ಯಾಮರ್‌ಸ್ಟೀನ್ ನೇರವಾಗಿ ಸಿನಿಮಾಕ್ಕೆಂದೇ ಬರೆದದ್ದು ಒಂದೇ ಚಿತ್ರ, 1945ರ 'ಸ್ಟೇಟ್ ಫೇರ್'. ಹಳ್ಳಿಯ ಹುಡುಗಿಯೊಬ್ಬಳು ಏನೋ ಚಡಪಡಿಕೆಯಲ್ಲಿದ್ದಾಳೆ. ವಸಂತ ಬಂದಾಗ ಹಾಗಾಗುತ್ತದಲ್ಲ, ಅಂಥ ಚಡಪಡಿಕೆ. ಆದರೆ ಕಥೆ ನಡೆಯುವುದು ಜಾತ್ರೆಯ ಕಾಲದಲ್ಲಿ, ವಸಂತದಲ್ಲಲ್ಲ. ಆ ತೊಡಕನ್ನೇ ಹ್ಯಾಮರ್‌ಸ್ಟೀನ್ ಹಾಡಿನ ವಸ್ತು ಮಾಡಿದರು. ರಾಜರ್ಸ್ ಮಟ್ಟು ಕೂಡ ಒಂದು ಕಡೆ ನಿಲ್ಲದೆ ಸ್ವರದಿಂದ ಸ್ವರಕ್ಕೆ ಜಿಗಿಯುತ್ತದೆ.

ಪರದೆಯ ಮೇಲೆ ಅದನ್ನು ಹಾಡಿದಂತೆ ತೋರುವವರು ಜೀನ್ ಕ್ರೇನ್. ದನಿ ಲೂಆನ್ ಹೋಗನ್ ಅವರದು. ಅಂದರೆ ಹಾಲಿವುಡ್ಡಿನಲ್ಲೂ ಹಿನ್ನೆಲೆ ಗಾಯನ ಇತ್ತು! ಆದರೆ ಅದನ್ನು ಮುಚ್ಚಿಡುತ್ತಿದ್ದರು. ನಿಮ್ಮ ಎಲ್‌ಪಿಯಲ್ಲಿರುವ 'ಮರಿಯಾ' ಮತ್ತು 'ಟುನೈಟ್' ಎರಡೂ 'ವೆಸ್ಟ್ ಸೈಡ್ ಸ್ಟೋರಿ'ಯವು. 1961ರ ಆ ಚಿತ್ರದಲ್ಲಿ ನಾಯಕ ರಿಚರ್ಡ್ ಬೇಮರ್‌ಗೆ ಹಾಡಿದ್ದು ಜಿಮ್ಮಿ ಬ್ರಯಂಟ್, ನಾಯಕಿ ನಟಾಲಿ ವುಡ್‌ಗೆ ಹಾಡಿದ್ದು ಮಾರ್ನಿ ನಿಕ್ಸನ್. ಪರದೆಯ ಮೇಲೆ ನಿಕ್ಸನ್ ಹೆಸರಿರಲಿಲ್ಲ. ಇದೇ ನಿಕ್ಸನ್ 1964ರಲ್ಲಿ ಇನ್ನೊಂದು ದೊಡ್ಡ ಚಿತ್ರದಲ್ಲಿ ಆಡ್ರೆ ಹೆಪ್‌ಬರ್ನ್‌ಗೂ ದನಿ ಕೊಟ್ಟರು. ನಮ್ಮಲ್ಲಿ ಹಿನ್ನೆಲೆ ಗಾಯಕರನ್ನು ಜನ ತಲೆಯ ಮೇಲೆ ಹೊತ್ತು ಮೆರೆಸಿದ್ದಾರೆ. ಅಲ್ಲಿ ಅಷ್ಟು ಒಳ್ಳೆಯ ಗಾಯಕಿ ನೆರಳಲ್ಲೇ ಉಳಿದರು. ಇದು ನನಗೆ ನಿಜವಾಗಿ ನೋವು ಕೊಡುವ ಸಂಗತಿ. ಈ ಕಾರಣಕ್ಕೂ ಅಲ್ಲಿ ಸಿನಿಮಾ ಹಾಡು ಒಂದು ದನಿಗೆ ಅಂಟಿಕೊಳ್ಳಲಿಲ್ಲ. ಯಾರ ದನಿ ಎಂದೇ ಜನಕ್ಕೆ ಗೊತ್ತಿಲ್ಲದ ಮೇಲೆ ಅಂಟಿಕೊಳ್ಳುವುದು ಹೇಗೆ?

ಈಗ ಕೇಳುವ ಬಗೆ. ನಿಮಗೆ ಕರ್ನಾಟಕ ಸಂಗೀತದ ಸ್ವರ ಪರಿಚಯ ಸ್ವಲ್ಪ ಇದ್ದರೂ ಸಾಕು, ಎರಡು ಹಾಡಿನಿಂದ ಶುರು ಮಾಡಿ.

ಮೊದಲು 'ಮೂನ್ ರಿವರ್'. ಮಟ್ಟು ಶಂಕರಾಭರಣದ ಸ್ವರಗಳಲ್ಲೇ ಇದೆ, ಹೊರಗಿನ ಸ್ವರ ಇಲ್ಲ. ಮೂರು ಎಣಿಕೆಯ ನಡೆ. ಮೊದಲ ಮೂರು ಸ್ವರ ಕೇಳಿ: ಕೆಳಗಿನ ಪಂಚಮದಿಂದ ಒಮ್ಮೆಲೇ ಮೇಲಿನ ರಿಷಭಕ್ಕೆ ಜಿಗಿತ, ಅಲ್ಲಿಂದ ಷಡ್ಜಕ್ಕೆ ಇಳಿತ. ಆ ಜಿಗಿತದಲ್ಲೇ ಹಾಡಿನ ಹಂಬಲವೆಲ್ಲ ಇದೆ. ಅನೇಕ ಗಾಯಕರು ಅಲ್ಲಿ ದನಿ ಒತ್ತಿ ತಮ್ಮ ಶಕ್ತಿ ತೋರಿಸುತ್ತಾರೆ. ವಿಲಿಯಮ್ಸ್ ಒತ್ತುವುದಿಲ್ಲ. ಮೇಲಿನ ಸ್ವರವನ್ನು ಕೆಳಗಿನದರಷ್ಟೇ ಹಗುರವಾಗಿ ಇಡುತ್ತಾರೆ. ಹೆಪ್‌ಬರ್ನ್ ಅವರ ಸಣ್ಣ ದನಿಗೆಂದು ಕಟ್ಟಿದ ಮಟ್ಟು ಅದು. ದೊಡ್ಡ ದನಿ ಇರುವವರು ಅದನ್ನು ಸುಲಭವಾಗಿ ಹಾಳು ಮಾಡಬಹುದು. ವಿಲಿಯಮ್ಸ್‌ಗೆ ದೊಡ್ಡ ದನಿ ಇತ್ತು, ಆದರೆ ಅದನ್ನು ಹಿಡಿದಿಟ್ಟುಕೊಂಡರು. ಸಾಲು ಮುಗಿಯುವ ಕಡೆ ಉಸಿರು ಹೇಗೆ ಸಣ್ಣಗೆ ಕರಗಿಸುತ್ತಾರೆ ನೋಡಿ. ಮೂರು ನಿಮಿಷವೂ ತುಂಬದ ಹಾಡು, ಎಲ್ಲೂ ಅವಸರವಿಲ್ಲ.

ಎರಡನೆಯದು 'ಮರಿಯಾ'. ಲಿಯೊನಾರ್ಡ್ ಬರ್ನ್‌ಸ್ಟೈನ್ ಸಂಗೀತ, ಸ್ಟೀಫನ್ ಸಾಂಡ್‌ಹೈಮ್ ಸಾಹಿತ್ಯ. ಆ ಹೆಸರಿನ ಮೂರು ಅಕ್ಷರ ನಮ್ಮ ಲೆಕ್ಕದಲ್ಲಿ ಸ, ಪ್ರತಿಮಧ್ಯಮ, ಪ. ಷಡ್ಜದಿಂದ ಪ್ರತಿಮಧ್ಯಮಕ್ಕೆ ನೆಗೆದು ಪಂಚಮದಲ್ಲಿ ನೆಲೆ. ಪಶ್ಚಿಮದ ಕಿವಿಗೆ ಆ ನೆಗೆತ ತುಂಬಾ ಅಸ್ಥಿರ, ಯಾವಾಗ ಪಂಚಮ ಬರುತ್ತದೋ ಎಂದು ಜೀವ ಕಾಯುತ್ತದೆ. ಕಲ್ಯಾಣಿ ಕೇಳಿ ಬೆಳೆದ ನಮಗೆ ಪ್ರತಿಮಧ್ಯಮ ಹಳೆಯ ಗೆಳೆಯ. ಹಾಗಾಗಿ ಈ ಹಾಡು ನಮಗೆ ಅವರಿಗಿಂತ ಬೇಗ ಆಪ್ತವಾಗುತ್ತದೆ ಎಂದು ನನ್ನ ನಂಬಿಕೆ. ನಾಟಕದಲ್ಲಿ, ಚಿತ್ರದಲ್ಲಿ ಅದನ್ನು ಸುಮಾರಾಗಿ ಒಪೆರಾ ರೀತಿ ಹಾಡುತ್ತಾರೆ. ವಿಲಿಯಮ್ಸ್ ಅದನ್ನು ಒಂದು ಕೋಣೆಯೊಳಗೆ, ಒಬ್ಬರೇ ಇರುವಾಗ ಹೇಳಿಕೊಳ್ಳುವ ಮಾತಿನಷ್ಟು ಹತ್ತಿರ ತರುತ್ತಾರೆ. ಮೇಲೇರುವ ಕಡೆ ಮಾತ್ರ ಪೂರ್ತಿ ದನಿ ಬಿಡುತ್ತಾರೆ. ಇಡೀ ಎಲ್‌ಪಿಯಲ್ಲಿ ಅವರ ದನಿಯ ಅಳವು ತಿಳಿಯುವ ಜಾಗ ಇದು.

ಈ ಹಿಡಿತ ಎಲ್ಲಿಂದ ಬಂತು? ವಿಲಿಯಮ್ಸ್ ಹುಟ್ಟಿದ್ದು 1927ರಲ್ಲಿ, ಅಯೋವಾದ ವಾಲ್ ಲೇಕ್ ಎಂಬ ಪುಟ್ಟ ಊರಿನಲ್ಲಿ. ಮೂವರು ಅಣ್ಣಂದಿರ ಜೊತೆ ಸೇರಿ ನಾಲ್ವರ ತಂಡವಾಗಿ ಹಾಡಿ ಬೆಳೆದರು. ಚರ್ಚಿನಲ್ಲಿ, ಆಮೇಲೆ ರೇಡಿಯೋದಲ್ಲಿ. ನಾಲ್ವರು ಒಟ್ಟಿಗೆ ಹಾಡುವಾಗ ಒಬ್ಬರ ದನಿ ಮುಂದೆ ಚಾಚಿದರೆ ಹೊಂದಿಕೆ ಕೆಡುತ್ತದೆ. ಇನ್ನೊಬ್ಬರ ಉಸಿರಿಗೆ ತಮ್ಮ ಉಸಿರು ಕೂಡಿಸಬೇಕು. ಬಾಲ್ಯದಲ್ಲೇ ಬಂದ ಆ ಅಭ್ಯಾಸ ಅವರನ್ನು ಬಿಡಲಿಲ್ಲ. 1944ರಲ್ಲಿ ಬಿಂಗ್ ಕ್ರಾಸ್ಬಿ ಅವರ ದೊಡ್ಡ ಹಿಟ್ 'ಸ್ವಿಂಗಿಂಗ್ ಆನ್ ಎ ಸ್ಟಾರ್' ರೆಕಾರ್ಡಿನಲ್ಲಿ ಹಿಂದೆ ಹಾಡಿದ್ದು ಈ ಅಣ್ಣತಮ್ಮಂದಿರೇ. ಅದೂ ಸಿನಿಮಾ ಹಾಡೇ. ನಂತರ ಕೇ ಥಾಂಪ್ಸನ್ ಎಂಬ ಹಿರಿಯ ಕಲಾವಿದೆಯ ಜೊತೆ ನೈಟ್‌ಕ್ಲಬ್‌ಗಳಲ್ಲಿ ಹಾಡಿದರು. ಎಂಜಿಎಂ ಸ್ಟುಡಿಯೋದಲ್ಲಿ ಗಾಯಕರನ್ನು ತಿದ್ದಿದ ಗುರು ಅವರು. 1950ರ ದಶಕದಲ್ಲಿ ಟಿವಿ. ಕ್ಯಾಮೆರಾ ಮುಖದ ಹತ್ತಿರ, ಮೈಕು ಬಾಯಿಯ ಹತ್ತಿರ. ಅಲ್ಲಿ ಕೂಗಿ ಹಾಡುವ ಹಾಗೇ ಇಲ್ಲ.

ಇನ್ನೊಂದು ಸಂಗತಿ ಕೇಳುತ್ತಾ ಹೋದ ಹಾಗೆ ತಿಳಿಯುತ್ತದೆ. 'ಮೂನ್ ರಿವರ್', 'ಇಟ್ ಮೈಟ್ ಆಸ್ ವೆಲ್ ಬಿ ಸ್ಪ್ರಿಂಗ್', 'ನೆವರ್ ಆನ್ ಸಂಡೇ', ಈ ಮೂರೂ ಪರದೆಯ ಮೇಲೆ ಹೆಂಗಸರ ಹಾಡುಗಳು. ವಿಲಿಯಮ್ಸ್ ಪಾತ್ರ ಮಾಡುವುದಿಲ್ಲ, ನಟಿಸುವುದಿಲ್ಲ. ಸನ್ನಿವೇಶ ಬಿಟ್ಟು ಮಾತು ಮತ್ತು ಮಟ್ಟನ್ನು ಮಾತ್ರ ಹಿಡಿಯುತ್ತಾರೆ. ಇದೇ ಅವರ ಬಲ. ಚಿತ್ರ ನೋಡದವರಿಗೂ ಹಾಡು ತಾನಾಗಿ ನಿಲ್ಲುತ್ತದೆ. ಬರೆದವರ ಕೆಲಸ ಎಷ್ಟು ಗಟ್ಟಿ ಎಂದು ಪರೀಕ್ಷೆಯಾಗುವುದೂ ಇಲ್ಲೇ. ಸನ್ನಿವೇಶದ ಆಸರೆ ತೆಗೆದ ಮೇಲೂ ಹಾಡು ನಿಂತರೆ ಅದು ಒಳ್ಳೆಯ ಹಾಡು.

ಆದರೆ ಅದೇ ಗುಣ ಕೆಲವು ಕಡೆ ಕೈಕೊಡುತ್ತದೆ. 'ನೆವರ್ ಆನ್ ಸಂಡೇ' ನನಗೆ ಈ ಎಲ್‌ಪಿಯಲ್ಲಿ ಸಪ್ಪೆ. ಮಾನೋಸ್ ಹಾಜಿದಾಕಿಸ್ ಅವರ ಸಂಗೀತ, 1960ರ ಗ್ರೀಕ್ ಚಿತ್ರ. ಪಿರೇಯಸ್ ಬಂದರಿನ ವೇಶ್ಯೆಯೊಬ್ಬಳ ಕಥೆ. ನಾಯಕಿ ಮೆಲಿನಾ ಮೆರ್ಕೂರಿ ಅದನ್ನು ಗ್ರೀಕ್ ಭಾಷೆಯಲ್ಲಿ ಹಾಡುತ್ತಾರೆ. ಗ್ರೀಕ್ ಸಾಹಿತ್ಯದಲ್ಲಿ ಕಿಟಕಿಯಲ್ಲಿ ನಿಂತ ಹೆಣ್ಣು ಬಂದರಿಗೆ ಮುತ್ತು ಕಳಿಸುತ್ತಾಳೆ, ಮಕ್ಕಳ ಕನಸು ಕಾಣುತ್ತಾಳೆ. ಇಂಗ್ಲಿಷಿಗೆ ಬರುವಾಗ ಅದೆಲ್ಲ ಹೋಗಿ, ಭಾನುವಾರ ಬಿಟ್ಟು ಯಾವಾಗ ಬೇಕಾದರೂ ಮುತ್ತು ಕೊಡು ಎನ್ನುವ ಹಗುರ ಹಾಡಾಯಿತು. ವಿಲಿಯಮ್ಸ್ ಚೊಕ್ಕವಾಗಿ ಹಾಡಿದ್ದಾರೆ. ಆ ಚೊಕ್ಕತನವೇ ಇಲ್ಲಿ ತೊಂದರೆ. ಮೆರ್ಕೂರಿ ದನಿಯ ಒರಟು, ಆ ಬಂದರಿನ ಗಾಳಿ ಇಲ್ಲಿಲ್ಲ. ಈ ಒಂದು ಹಾಡಿಗೆ ನಿಮ್ಮ ಮಾತನ್ನು ಒಪ್ಪುತ್ತೇನೆ: ಮೂಲವನ್ನೇ ಕೇಳಿ. 'ಎಕ್ಸೋಡಸ್' ಕೂಡ ವಾದ್ಯದಲ್ಲೇ ಚೆನ್ನ. ಆ ಮಟ್ಟಿನ ಗಾತ್ರಕ್ಕೆ ಮಾತು ಸಾಲುವುದಿಲ್ಲ. ಒಟ್ಟಾರೆ ಆರ್ಕೆಸ್ಟ್ರಾ ನಡೆಸಿದ ರಾಬರ್ಟ್ ಮರ್ಸಿ ಅವರ ಪಿಟೀಲುಗಳು ಕೆಲವು ಕಡೆ ಸಿಹಿ ಜಾಸ್ತಿ ಅನ್ನಿಸಬಹುದು. ಆ ಕಾಲದ ರುಚಿ ಅದು. ಎರಡು ಮೂರು ಸಲ ಕೇಳಿದ ಮೇಲೆ ಕಿವಿ ಪಿಟೀಲು ಬಿಟ್ಟು ದನಿಯ ಹಿಂದೆ ಹೋಗುತ್ತದೆ.

ಬೆಲೆಯ ಮಾತು. ಮೂರು ವರ್ಷ ಪಟ್ಟಿಯಲ್ಲಿದ್ದ ರೆಕಾರ್ಡು ಲಕ್ಷಗಟ್ಟಲೆ ಅಚ್ಚಾಗಿರುತ್ತದೆ. ಹಾಗಾಗಿ ಅಪರೂಪದ್ದಲ್ಲ, ದೊಡ್ಡ ಬೆಲೆ ಬರುವುದಿಲ್ಲ. ಅಮೆರಿಕದಲ್ಲಿ ಅಚ್ಚಾದ ಪ್ರತಿಯಾದರೆ ನಂಬರಿನ ಮುಂದೆ ಸಿಎಲ್ ಎಂದಿದ್ದರೆ ಮೊನೊ, ಸಿಎಸ್ ಎಂದಿದ್ದರೆ ಸ್ಟೀರಿಯೋ. ಸ್ಟೀರಿಯೋದಲ್ಲಿ ಆರ್ಕೆಸ್ಟ್ರಾ ಅಗಲವಾಗಿ ಹರಡಿ, ದನಿಗೆ ನಡುವೆ ಜಾಗ ಸಿಗುತ್ತದೆ. ಮೊನೊ ಆದರೂ ಚಿಂತೆಯಿಲ್ಲ, ದನಿ ಇನ್ನೂ ಮುಂದೆ ಬಂದು ನಿಲ್ಲುತ್ತದೆ. ಹಾಕುವ ಮೊದಲು ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆಯಿರಿ, ಪ್ಲೇಯರಿನ ಮುಳ್ಳು ಸವೆದಿದ್ದರೆ ಬದಲಿಸಿ. ಸವೆದ ಮುಳ್ಳು ರೆಕಾರ್ಡಿನ ಗೆರೆಗಳನ್ನೇ ಕೆಡಿಸುತ್ತದೆ. ಹಾಗೆಯೇ ರೆಕಾರ್ಡನ್ನು ಮಲಗಿಸಿ ಒಂದರ ಮೇಲೊಂದು ಪೇರಿಸಬೇಡಿ, ನಿಲ್ಲಿಸಿಡಿ. ನಮ್ಮ ಬೇಸಿಗೆಯಲ್ಲಿ ಪೇರಿಸಿಟ್ಟ ಎಲ್‌ಪಿ ಬಾಗುತ್ತದೆ.

ಇದು ಹಿಡಿಸಿದರೆ ಮುಂದೆ ಎರಡು ದಾರಿ. ಒಂದು, ಹೋಲಿಸಿ ನೋಡುವುದು. 1964ರಲ್ಲಿ ಫ್ರಾಂಕ್ ಸಿನಾಟ್ರಾ ಆಸ್ಕರ್ ಗೆದ್ದ ಹಾಡುಗಳದ್ದೇ ಒಂದು ಎಲ್‌ಪಿ ಮಾಡಿದರು, ನೆಲ್ಸನ್ ರಿಡ್ಲ್ ಆರ್ಕೆಸ್ಟ್ರಾ ಜೊತೆ. 'ಮೂನ್ ರಿವರ್', 'ಥ್ರೀ ಕಾಯಿನ್ಸ್', 'ಇಟ್ ಮೈಟ್ ಆಸ್ ವೆಲ್ ಬಿ ಸ್ಪ್ರಿಂಗ್' ಮೂರೂ ಅದರಲ್ಲಿವೆ. ಒಂದೇ ಹಾಡನ್ನು ಇಬ್ಬರಲ್ಲೂ ಬೆನ್ನಿಗೆ ಬೆನ್ನು ಹಚ್ಚಿ ಕೇಳಿ. ಸಿನಾಟ್ರಾ ಮಾತಿನ ತೂಕಕ್ಕೆ ತಕ್ಕಂತೆ ತಾಳದ ಹಿಂದೆ ಮುಂದೆ ಓಡಾಡುತ್ತಾರೆ, ಬದುಕಿನಲ್ಲಿ ಪೆಟ್ಟು ತಿಂದವರ ಹಾಗೆ. ವಿಲಿಯಮ್ಸ್ ಮಟ್ಟಿನ ಗೆರೆ ಕೆಡದಂತೆ ಒಂದೇ ಎಳೆಯಲ್ಲಿ ಹಾಡುತ್ತಾರೆ. ಮೊದಲ ಸಲ ಸಿನಾಟ್ರಾ ಗೆದ್ದ ಹಾಗೆ ಕಾಣುತ್ತದೆ. 'ಮೂನ್ ರಿವರ್' ಮಟ್ಟಿಗೆ ಮಾತ್ರ ನನ್ನ ಮತ ವಿಲಿಯಮ್ಸ್‌ಗೆ.

ಇನ್ನೊಂದು, 1963ರ ಅವರದೇ ಎಲ್‌ಪಿ 'ಡೇಸ್ ಆಫ್ ವೈನ್ ಅಂಡ್ ರೋಸಸ್'. ಅದು ಪಟ್ಟಿಯಲ್ಲಿ 16 ವಾರ ಮೊದಲ ಸ್ಥಾನದಲ್ಲಿತ್ತು. ಹೆಸರಿನ ಹಾಡು ಮತ್ತೆ ಮ್ಯಾನ್ಸಿನಿ ಮತ್ತು ಮರ್ಸರ್ ಅವರದೇ, 'ಮೂನ್ ರಿವರ್' ಗೆದ್ದ ಮರುವರ್ಷದ ಆಸ್ಕರ್ ಕೂಡ ಅದಕ್ಕೇ. ಮರ್ಸರ್ ಆ ಇಡೀ ಹಾಡನ್ನು ಎರಡೇ ಎರಡು ವಾಕ್ಯದಲ್ಲಿ ಬರೆದಿದ್ದಾರೆ. ವಾಕ್ಯ ಅರ್ಧಕ್ಕೆ ತುಂಡಾದಂತೆ ಕೇಳದ ಹಾಗೆ ಅದನ್ನು ಹಾಡುವುದು ಬಲು ಕಷ್ಟ. ವಿಲಿಯಮ್ಸ್ ಎಲ್ಲೆಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಎಂದು ಒಮ್ಮೆ ಗುರುತು ಹಾಕಿಕೊಂಡು ಕೇಳಿ.